ಒನ್ ಟ್ವೆಂಟಿ ರೋಲಿನ ಬರಗಾಲ

ಮನೆಯ ಹಳೆಯ ಆಲ್ಬಮ್ಮಿನಲ್ಲಿ ಚೌಕಾಕಾರದ ಕಪ್ಪು ಬಿಳುಪು ಫೋಟೋಗಳಿದ್ದರೆ ಅವು ಬಹುತೇಕ 120 ರೋಲಿನಲ್ಲಿ ತೆಗೆದವು. ಸ್ಟುಡಿಯೋದವರ ಬಾಯಲ್ಲಿ ಅದು ‘ಒನ್ ಟ್ವೆಂಟಿ’. 1901ರಲ್ಲಿ ಕೊಡಾಕ್ ಕಂಪನಿ ತನ್ನ ಬ್ರೌನಿ ಕ್ಯಾಮೆರಾಕ್ಕಾಗಿ ತಂದ ಈ ಸುರುಳಿಯ ಅಗಲ ಆರು ಸೆಂಟಿಮೀಟರಿಗಿಂತ ತುಸು ಹೆಚ್ಚು. ಚೌಕದ ಕ್ಯಾಮೆರಾಕ್ಕೆ ಹಾಕಿದರೆ ಹನ್ನೆರಡು ಚಿತ್ರ. ಯಾಶಿಕಾ, ರೋಲಿಕಾರ್ಡ್‌ಗಳಿಂದ ಹಿಡಿದು ಮಧ್ಯಮ ವರ್ಗದ ಮನೆಗಳ ಆಗ್ಫಾ ಕ್ಲಿಕ್ 3ರವರೆಗೆ ಎಲ್ಲಕ್ಕೂ ಬೇಕಾದದ್ದು ಇದೇ ರೋಲು. 35 ಎಂಎಂ ನೆಗೆಟಿವ್‌ಗಿಂತ ಇದರ ವಿಸ್ತೀರ್ಣ ಮೂರೂವರೆ ಪಟ್ಟು ದೊಡ್ಡದು. ಅಜ್ಜಿಯ ಮುಖದ ಸುಕ್ಕು, ಸೀರೆಯಂಚಿನ ಜರಿ, ಹಿಂದಿನ ಗೋಡೆಯ ಸುಣ್ಣದ ಬಿರುಕು ಎಲ್ಲವೂ ಇಷ್ಟು ವರ್ಷದ ಮೇಲೂ ಎದ್ದು ಕಾಣುವುದು ಅದರಿಂದಲೇ.

ಆ ಕ್ಯಾಮೆರಾಗಳು ಈಗಲೂ ಓಡುತ್ತವೆ. ಅಟ್ಟದಿಂದ ಇಳಿಸಿ, ಲೆನ್ಸಿನ ಬೂಷ್ಟು ತೆಗೆಸಿ, ಶಟರ್ ಸರಿಮಾಡಿಸಿಕೊಂಡ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲೂ ಸಾಕಷ್ಟಿದ್ದಾರೆ. ಅವರಿಗೆ ತಾಪತ್ರಯ ಶುರುವಾಗುವುದು ರೋಲು ಕೊಳ್ಳಲು ಹೊರಟಾಗ. ಒಂದು ತಿಂಗಳು ಸಿಕ್ಕ ಫಿಲಂ ಮುಂದಿನ ತಿಂಗಳು ‘ಸ್ಟಾಕ್ ಇಲ್ಲ’. ಅದೇ ಕಂಪನಿಯ 35 ಎಂಎಂ ಫಿಲಂ ಅದೇ ಅಂಗಡಿಯ ಕಪಾಟಿನಲ್ಲಿ ಸಾಲಾಗಿ ಕೂತಿರುತ್ತದೆ, 120 ಮಾತ್ರ ಇರುವುದಿಲ್ಲ.

ಹೀಗೇಕೆ ಎಂದು ತಿಳಿಯಲು ರೋಲನ್ನು ಬಿಚ್ಚಿ ನೋಡಬೇಕು. ಎರಡೂ ಅಳತೆಗೆ ಎಮಲ್ಷನ್, ಅಂದರೆ ಬೆಳಕು ಹಿಡಿಯುವ ಲೇಪ, ಒಂದೇ ಆದರೂ ಅದನ್ನು ಬಳಿಯುವ ಆಸರೆ ಬೇರೆ. ಇಲ್‌ಫರ್ಡ್‌ನ ಎಚ್‌ಪಿ5 ಪ್ಲಸ್ ತೆಗೆದುಕೊಳ್ಳಿ: 35 ಎಂಎಂನದು 125 ಮೈಕ್ರಾನ್ ದಪ್ಪದ ಅಸಿಟೇಟ್, 120ರದು 110 ಮೈಕ್ರಾನ್. ಹಾಗಾಗಿ 120ಕ್ಕೆಂದೇ ಪ್ರತ್ಯೇಕವಾಗಿ, ಮೀಟರಿಗೂ ಅಗಲವಾದ ದೊಡ್ಡ ಸುರುಳಿಗೆ, ಕಗ್ಗತ್ತಲಲ್ಲಿ ಲೇಪನ ಮಾಡಬೇಕು. ಬೇಡಿಕೆ ಕಡಿಮೆಯಾದ್ದರಿಂದ ಅದರ ಸರದಿ ಬರುವುದೂ ಅಪರೂಪ. ಆಮೇಲೆ ಹಿಂಬದಿಯ ಕಾಗದದ ಪ್ರಶ್ನೆ. ಒಂದು ಬದಿ ಕಪ್ಪು, ಇನ್ನೊಂದು ಬದಿಯಲ್ಲಿ ಅಂಕಿಗಳು. ಕ್ಯಾಮೆರಾದ ಬೆನ್ನಿನ ಕೆಂಪು ಕಿಟಕಿಯಲ್ಲಿ ನಾವು ಓದುವ 1, 2, 3 ಇವೇ. ನೋಡಲು ಸಾಧಾರಣ ಕಾಗದ. ಆದರೆ ಅದು ಒಂದು ಕಿರಣ ಬೆಳಕನ್ನೂ ಒಳಗೆ ಬಿಡಬಾರದು, ಬಿಗಿಯಾಗಿ ಸುತ್ತುವಷ್ಟು ತೆಳುವಿರಬೇಕು, ತಿಂಗಳುಗಟ್ಟಲೆ ಮೈಗೆ ಮೈ ತಾಗಿಕೊಂಡಿದ್ದರೂ ಎಮಲ್ಷನ್ನಿಗೆ ಯಾವ ರಾಸಾಯನಿಕವನ್ನೂ ಹತ್ತಿಸಬಾರದು. ಕೆಲವು ವರ್ಷಗಳ ಹಿಂದೆ ಕೊಡಾಕ್‌ನ ಕೆಲವು ಬ್ಯಾಚಿನ ಟ್ರೈ-ಎಕ್ಸ್, ಟಿ-ಮ್ಯಾಕ್ಸ್ ರೋಲುಗಳಲ್ಲಿ ಕಾಗದದ ಅಂಕಿಗಳೇ ಚಿತ್ರದ ಆಕಾಶದಲ್ಲಿ ಮೂಡಿ ದೊಡ್ಡ ಗದ್ದಲವಾಯಿತು. ಇಂಥ ಕಾಗದ ಮಾಡಿಕೊಡುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಎಮಲ್ಷನ್ ಸಿದ್ಧವಿದ್ದು ಕಾಗದ ಬಾರದಿದ್ದರೂ ರೋಲು ಹೊರಬೀಳುವುದಿಲ್ಲ.

ಕಾರ್ಖಾನೆಗಳೂ ಒಂದೊಂದಾಗಿ ಉದುರಿದವು. ಜರ್ಮನಿಯ ಆಗ್ಫಾಫೋಟೋ 2005ರಲ್ಲಿ ದಿವಾಳಿಯಾಯಿತು. ಕ್ರೊಯೇಷಿಯಾದಲ್ಲಿ ಎಫ್ಕೆ ಫಿಲಂ ಮಾಡುತ್ತಿದ್ದ ಫೋಟೋಕೆಮಿಕಾ 2012ರಲ್ಲಿ ನಿಂತಿತು. ಅದರ ಹಳೆಯ ಯಂತ್ರ ಕೆಟ್ಟಿತ್ತು, ರಿಪೇರಿ ಖರ್ಚು ಗಿಟ್ಟುವಂತಿರಲಿಲ್ಲ. ಇಂಗ್ಲೆಂಡಿನ ಇಲ್‌ಫರ್ಡ್ ಕೂಡ 2004ರಲ್ಲಿ ಮುಳುಗುವ ಸ್ಥಿತಿಗೆ ಬಂದಿತ್ತು. ಅಲ್ಲಿನ ವ್ಯವಸ್ಥಾಪಕರೇ ಆರು ಮಂದಿ ಸೇರಿ 2005ರಲ್ಲಿ ಅದನ್ನು ಕೊಂಡು, ಹಾರ್ಮನ್ ಟೆಕ್ನಾಲಜಿ ಎಂಬ ಹೆಸರಿನಲ್ಲಿ ಚೆಷೈರ್‌ನ ಮಾಬರ್ಲಿಯ ಕಾರ್ಖಾನೆಯನ್ನು ಉಳಿಸಿಕೊಂಡರು. ಇವತ್ತು ಕಪ್ಪು ಬಿಳುಪು 120 ಎಂಬುದೊಂದು ಇದೆಯೆಂದರೆ ಅದರಲ್ಲಿ ದೊಡ್ಡ ಪಾಲು ಆ ಆರು ಮಂದಿಯ ಹಟದ್ದು.

ನಮ್ಮ ಪಕ್ಕದಲ್ಲೇ ಇಂಥದ್ದೊಂದು ಕಾರ್ಖಾನೆಯಿತ್ತು. ಮೈಸೂರಿನಿಂದ ಹೊರಟು ಊಟಿ ಸೇರುವ ಮೊದಲು ಸಿಗುವ ಇಂದುನಗರದಲ್ಲಿ ಹಿಂದೂಸ್ತಾನ್ ಫೋಟೋ ಫಿಲಂಸ್. ಕೇಂದ್ರ ಸರ್ಕಾರ 1960ರಲ್ಲಿ ಸ್ಥಾಪಿಸಿದ್ದು, ಫ್ರಾನ್ಸಿನ ಬೋಷೆ ಕಂಪನಿಯ ತಾಂತ್ರಿಕ ನೆರವು, 1967ರಿಂದ ಉತ್ಪಾದನೆ. ಧೂಳಿಲ್ಲದ ತಂಪು ಹವೆಗಾಗಿ ನೀಲಗಿರಿಯನ್ನು ಆರಿಸಿದ್ದರು. ಎಕ್ಸ್-ರೇ ಫಿಲಂ, ಫೋಟೋ ಕಾಗದ, ‘ಇಂದು’ ಹೆಸರಿನ ರೋಲು ಅಲ್ಲಿಂದ ದೇಶಕ್ಕೆಲ್ಲ ಹೋಗುತ್ತಿದ್ದವು. ಹೊರದೇಶದ ಫಿಲಂ ತರಿಸಲು ವಿದೇಶಿ ವಿನಿಮಯದ ಬಿಗಿ ಇದ್ದ ಕಾಲದಲ್ಲಿ ನಮ್ಮ ಸಣ್ಣ ಊರಿನ ಸ್ಟುಡಿಯೋಗಳಿಗೆ ಅದು ಆಸರೆ. 1990ರ ದಶಕದಲ್ಲಿ ಅದು ರೋಗಗ್ರಸ್ತ ಉದ್ಯಮಗಳ ಪಟ್ಟಿ ಸೇರಿತು. ಡಿಜಿಟಲ್ ಬಂದ ಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಕೊನೆಗೆ ನೌಕರರಿಗೆ ಸ್ವಯಂನಿವೃತ್ತಿ ಕೊಟ್ಟು ಬಾಗಿಲು ಹಾಕಲಾಯಿತು. ಕಟ್ಟಡಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಅಲ್ಲಿದ್ದ ಕೆಲಸಗಾರರ ವಿದ್ಯೆ. ಕತ್ತಲಲ್ಲಿ ಎಮಲ್ಷನ್ ಲೇಪಿಸಬಲ್ಲ ಒಂದು ತಲೆಮಾರು ನಮ್ಮಲ್ಲಿತ್ತು, ಅವರ ಕೈಯಿಂದ ಅದನ್ನು ಕಲಿತುಕೊಳ್ಳುವವರು ಬರಲಿಲ್ಲ.

ಈಗ ಪ್ರತಿ ರೋಲೂ ಹಡಗು, ವಿಮಾನ ಹತ್ತಿ, ಸುಂಕ ಕಟ್ಟಿಯೇ ಬರಬೇಕು. ಹಾಗಾಗಿ ಬಳಸುವವರು ಸಿಕ್ಕ ಫಿಲಂಗೆ ಹೊಂದಿಕೊಳ್ಳುವುದನ್ನು ಕಲಿತಿದ್ದಾರೆ. ಇದು ಹೇಳಿದಷ್ಟು ಸುಲಭವಲ್ಲ. ಬೇಲೂರಿನ ನವರಂಗದ ಕಂಬಗಳನ್ನು ಅನುಮತಿ ಪಡೆದು ಟ್ರೈಪಾಡ್ ಇಟ್ಟು ತೆಗೆಯುತ್ತೀರಿ ಎನ್ನಿ. ಮೀಟರು ಹತ್ತು ಸೆಕೆಂಡು ಎನ್ನುತ್ತದೆ. ಫ್ಯೂಜಿಯ ಆಕ್ರಾಸ್ ಫಿಲಂ ಆದರೆ ಆ ಹತ್ತೇ ಸೆಕೆಂಡು ಸಾಕು. ಎರಡು ನಿಮಿಷದವರೆಗೂ ಅದು ಲೆಕ್ಕ ತಪ್ಪುವುದಿಲ್ಲ. ಅದರ ಬದಲು ಜೆಕ್ ದೇಶದ ಫೋಮಾಪಾನ್ 100 ಇದ್ದರೆ, ಮಂದ ಬೆಳಕಿನಲ್ಲಿ ಅದು ಬೇಗ ಸೋಲುವುದರಿಂದ, ಹತ್ತು ಸೆಕೆಂಡಿಗೆ ಎಂಬತ್ತು ಸೆಕೆಂಡು ಕೊಡಬೇಕು. 2018ರಲ್ಲಿ ಫ್ಯೂಜಿ ಆಕ್ರಾಸ್ ನಿಲ್ಲಿಸಿದಾಗ ದೇವಾಲಯ, ರಾತ್ರಿಯ ಬೀದಿ ಇಂಥವನ್ನೇ ತೆಗೆಯುತ್ತಿದ್ದವರು ಪೇಚಾಡಿದ್ದು ಇದಕ್ಕೇ. ಮರುವರ್ಷ ಅದು ಆಕ್ರಾಸ್ 2 ಆಗಿ ಮರಳಿತು, ಡಬ್ಬಿಯ ಮೇಲೆ ಈಗ ‘ಮೇಡ್ ಇನ್ ಯುಕೆ’ ಎಂದಿರುತ್ತದೆ. ಫೋಮಾಪಾನ್ 400 ಎಂಬುದನ್ನೂ 200ರ ಲೆಕ್ಕದಲ್ಲಿ ತೆಗೆದರೇ ನೆರಳಿನಲ್ಲಿ ವಿವರ ಉಳಿಯುವುದು. ಅಗ್ಗದ ಫಿಲಂ ಕೆಟ್ಟದ್ದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಸ್ವಭಾವ ತಿಳಿಯುವವರೆಗೆ ತಾಳ್ಮೆ ಬೇಕು, ಅಷ್ಟೇ.

ಇನ್ನು ಕೆಲವರು ರೋಲನ್ನೇ ಕೈಯಲ್ಲಿ ಸುತ್ತುತ್ತಾರೆ. ವಿಮಾನದಿಂದ ಭೂಮಿಯ ಚಿತ್ರ ತೆಗೆಯಲು ಮಾಡಿದ 70 ಎಂಎಂ ಫಿಲಂ ತರಿಸಿ, ಅಂಚು ಕತ್ತರಿಸಿ, ಉಳಿಸಿಟ್ಟ ಹಳೆಯ ಕಾಗದಕ್ಕೆ ಸೇರಿಸುತ್ತಾರೆ. ಕೆಲಸ ಪೂರ್ತಿ ಕತ್ತಲಲ್ಲಿ; ಈ ಫಿಲಂಗೆ ಕೆಂಪು ದೀಪವೂ ವಿಷ. ಇದರಲ್ಲಿ ಒಂದು ಗುಟ್ಟಿದೆ. 120ರಲ್ಲಿ ಫಿಲಂ ಕಾಗದಕ್ಕೆ ಅಂಟಿರುವುದು ಒಂದೇ ತುದಿಯಲ್ಲಿ, ಮೊದಲ ಚಿತ್ರದ ಕಡೆ. ಮೊದಲೇ ಅಲ್ಲಿ ಟೇಪು ಹಚ್ಚಿ ಸುತ್ತತೊಡಗಿದರೆ ಒಳಗಿನ ಫಿಲಂಗೂ ಹೊರಗಿನ ಕಾಗದಕ್ಕೂ ಉದ್ದ ಹೊಂದದೆ ನಡುವೆ ಉಬ್ಬುತ್ತದೆ, ಬೆಳಕು ನುಗ್ಗುತ್ತದೆ. ಅದಕ್ಕೇ ಕೊನೆಯ ತುದಿಯಿಂದ ಶುರುಮಾಡಿ, ಫಿಲಮನ್ನು ಕಾಗದದೊಳಗೆ ಸಡಿಲವಾಗಿ ಕೂರಿಸಿ, ಹೆಬ್ಬೆರಳಿನಿಂದ ಎರಡೂ ಅಂಚನ್ನು ಒತ್ತಿ ಹಿಡಿದು ಸುತ್ತುತ್ತ ಬಂದು, ಟೇಪನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚಬೇಕು. ಬೆರಳಿಗೆ ಟೇಪಿನ ಗುರುತು ಸಿಕ್ಕಾಗ ಆಗುವ ಸಮಾಧಾನ ದೊಡ್ಡದು. ಖಾಲಿ ಸ್ಪೂಲು, ಕಾಗದ ಯಾವುದನ್ನೂ ಎಸೆಯಬೇಡಿ ಎಂದು ಹಳೆಯ ಸ್ಟುಡಿಯೋದವರು ಹೇಳುವುದು ಇದಕ್ಕೇ.

ತೊಳೆಯುವ ಔಷಧವನ್ನಂತೂ ಮನೆಯಲ್ಲೇ ಕಲಸಿಕೊಳ್ಳಬಹುದು. ಡಿ-76 ಎಂಬ ಡೆವಲಪರಿಗೆ ಬೇಕಾದದ್ದು ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ, ಒಂದು ಲೀಟರಾಗುವಷ್ಟು ನೀರು. ಮೆಟಾಲ್ ಮೊದಲು ಕರಗಬೇಕು. ಸಲ್ಫೈಟ್ ಪೂರ್ತಿ ಸುರಿದ ಮೇಲೆ ಅದು ಕರಗಲು ಹಟ ಹಿಡಿಯುತ್ತದೆ.

ಫ್ರೀಜರಿನಲ್ಲಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ನಿಧಾನ ವೇಗದ ಫಿಲಂ ಅವಧಿ ಮೀರಿ ವರ್ಷಗಟ್ಟಲೆ ಬಾಳುತ್ತದೆ. 3200ರಂಥ ಚುರುಕು ಫಿಲಂ ಹಾಗಲ್ಲ, ತಣ್ಣಗಿಟ್ಟರೂ ಮಂಜುಗಟ್ಟುತ್ತದೆ. ಹೊರತೆಗೆದ ರೋಲು ಕೋಣೆಯ ಬಿಸಿಗೆ ಬರುವ ಮುನ್ನ ಕವರು ಹರಿಯಬಾರದು, ನೀರು ಕೂರುತ್ತದೆ. ಆದರೆ ಹೆದರಿಕೆಯಿಂದ ಒಂದೇ ಸಲ ನೂರು ರೋಲು ಕೊಂಡು ತುಂಬಿಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಈ ತಿಂಗಳು ಅಂಗಡಿ ಬರಿದಾಗುತ್ತದೆ, ಹೊಸಬರು ಬರಿಗೈಯಲ್ಲಿ ಮರಳುತ್ತಾರೆ, ಮುಂದಿನ ಆರು ತಿಂಗಳು ಆರ್ಡರೇ ಇರುವುದಿಲ್ಲ. ಕಾರ್ಖಾನೆಗೆ ಬೇಕಾದದ್ದು ತಿಂಗಳು ತಿಂಗಳೂ ಬರುವ ಸಣ್ಣ ಬೇಡಿಕೆ. ನಾಲ್ಕೈದು ಮಂದಿ ಸೇರಿ ಅಂಗಡಿಯವರಿಗೆ ಮೊದಲೇ ಹೇಳಿ ತರಿಸಿ ಹಂಚಿಕೊಳ್ಳುವ ರೂಢಿ ಇದಕ್ಕಿಂತ ಎಷ್ಟೋ ಮೇಲು. ಹೊಸದಾಗಿ ತೊಡಗುವವರು ಕೆಂಟ್‌ಮಿಯರ್ 100, 400 ಕೇಳಿ ನೋಡಬಹುದು. ಮೊದಲು 35 ಎಂಎಂನಲ್ಲಷ್ಟೇ ಇದ್ದ ಅವನ್ನು ಹಾರ್ಮನ್ 2022ರಿಂದ 120ರಲ್ಲೂ ತರುತ್ತಿದೆ, ಬೆಲೆಯೂ ಎಚ್‌ಪಿ5ಗಿಂತ ಕಡಿಮೆ.