ಹಿಂದಿನವನಿಗೆ ಕಾಣುವ ಕೆಂಪು ದೀಪ

ಮೋಟಾರು ಕಾರಿನಲ್ಲಿ, ನಡೆಸುವವನ ಕಣ್ಣಿಗೆ ಎಂದೂ ಬೀಳದ ದೀಪವೊಂದಿದೆ. ಬ್ರೇಕನ್ನು ಒತ್ತಿದಾಗ ಹಿಂಬದಿಯಲ್ಲಿ ಹೊತ್ತಿಕೊಳ್ಳುವ ಕೆಂಪು ದೀಪವೇ ಅದು. ಮುಂದಿನ ದೀಪ ಕೆಟ್ಟರೆ ದಾರಿಯೇ ಕಾಣದು. ಹಾರ್ನು ಕೆಟ್ಟರೆ ಕಿವಿಗೆ ತಿಳಿಯುತ್ತದೆ. ಬ್ರೇಕ್ ದೀಪ ಕೆಟ್ಟರೆ ಮಾತ್ರ ಗಾಡಿಯ ಒಡೆಯನಿಗೆ ತಿಂಗಳುಗಟ್ಟಲೆ ಸುದ್ದಿಯೇ ಇರುವುದಿಲ್ಲ. ತಿಳಿಯುವುದು ಹಿಂದೆ ಬರುವವನಿಗೆ, ಅದೂ ತಡವಾಗಿ.

ಕಲಾ ಕಾಲೇಜಿನ ಸಂಚಿಕೆಯಲ್ಲಿ ಪಾನಾ, ಬಲ್ಬುಗಳ ಮಾತೇಕೆ ಎಂದು ಅಧ್ಯಾಪಕರು ನಗಬಹುದು. ಆದರೆ ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿ, ಹಿಂದೆ 13 ಎನಿಸಿಕೊಂಡು ಈಗ 50ನೆಯ ಸಂಖ್ಯೆ ಪಡೆದದ್ದು, ನಮ್ಮ ಪಕ್ಕದಲ್ಲೇ ಹಾಯುತ್ತದೆ. ಒಳದಾರಿಗಳಲ್ಲಿ ಸುಗ್ಗಿಯ ಕಾಲಕ್ಕೆ ಮೆಕ್ಕೆಜೋಳ ಒಣಹಾಕಿರುತ್ತಾರೆ. ಕೊಟ್ಟೂರೇಶ್ವರನ ರಥೋತ್ಸವದ ದಿನಗಳಲ್ಲಿ ಪಾದಯಾತ್ರಿಗಳು ಕತ್ತಲಲ್ಲಿ ನಡೆದು ಬರುತ್ತಾರೆ. ಗುಡೇಕೋಟೆಯ ಕಡೆ ಕರಡಿಯೂ ಅಡ್ಡ ಬಂದೀತು. ಹೀಗೆ ನಮ್ಮಲ್ಲಿ ಥಟ್ಟನೆ ನಿಲ್ಲಬೇಕಾದ ಸಂದರ್ಭಗಳು ಹೆಚ್ಚು. ಗಂಟೆಗೆ 60 ಕಿಲೋಮೀಟರು ವೇಗದ ಲಾರಿ ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದೆ ಬಂದಿರುತ್ತದೆ. ಆ ಒಂದು ಸೆಕೆಂಡನ್ನು ಉಳಿಸಿಕೊಡುವುದೇ ಕೆಂಪು ದೀಪದ ಕೆಲಸ.

ನಮ್ಮ ಮನೆಯ ಹಳೆಯ ಅಂಬಾಸಿಡರಿನಲ್ಲಿ ಈ ರಿಪೇರಿಯನ್ನು ಮೇಸ್ತ್ರಿಯವರ ಪಕ್ಕದಲ್ಲಿ ಕುಳಿತು ನೋಡಿದ್ದೇನೆ, ಅರ್ಧ ಕೆಲಸ ನಾನೇ ಮಾಡಿದ್ದೇನೆ. 2014ರಲ್ಲಿ ಆ ಗಾಡಿಯ ತಯಾರಿಕೆ ನಿಂತಿತಾದರೂ ನಮ್ಮ ಊರುಗಳಲ್ಲಿ ಅದಿನ್ನೂ ಅಪರೂಪವಲ್ಲ.

ಮೊದಲು ದೋಷ ಎಲ್ಲಿದೆಯೆಂದು ಗೊತ್ತುಮಾಡಬೇಕು. ಒಂದೇ ಕಡೆಯ ದೀಪ ಹೊತ್ತದಿದ್ದರೆ ಸ್ವಿಚ್ಚನ್ನು ದೂರಬೇಡಿ. ಅದು ಬಲ್ಬಿನ ಅಥವಾ ತುಕ್ಕು ಹಿಡಿದ ಹೋಲ್ಡರಿನ ದೋಷ. ಇಲ್ಲಿ ಒಂದು ಮೋಸವಿದೆ. ಹಿಂದಿನ ಬಲ್ಬಿನೊಳಗೆ ಸಾಮಾನ್ಯವಾಗಿ ಎರಡು ತಂತಿಗಳಿರುತ್ತವೆ: ರಾತ್ರಿ ಸದಾ ಉರಿಯುವುದು 5 ವಾಟಿನದು, ಬ್ರೇಕಿಗೆ ಉರಿಯುವುದು 21 ವಾಟಿನದು. ಮೊದಲನೆಯದು ಉರಿಯುತ್ತಿದೆಯೆಂದು ಎರಡನೆಯದೂ ನೆಟ್ಟಗಿದೆಯೆಂದು ನಂಬುವವರೇ ಬಹಳ.

ಎರಡೂ ಕಡೆ ಹೊತ್ತದಿದ್ದರೆ ಫ್ಯೂಸನ್ನು ನೋಡಿ, ಆಮೇಲೆ ಸ್ವಿಚ್ಚಿಗೆ ಬರಬೇಕು. ಹಳೆಯ ಗಾಡಿಗಳಲ್ಲಿ ಈ ಸ್ವಿಚ್ಚು ಬ್ರೇಕ್ ಆಯಿಲಿನ ಕೊಳವೆಯ ಸಾಲಿಗೇ ತಿರುಚಿ ಕೂರಿಸಿದ ಹೆಬ್ಬೆರಳಿನಷ್ಟು ಸಾಮಾನು. ಪೆಡಲನ್ನು ತುಳಿದಾಗ ಆಯಿಲಿನ ಒತ್ತಡವು ಅದರೊಳಗಿನ ತೆಳುಪೊರೆಯನ್ನು ನೂಕುತ್ತದೆ, ಪೊರೆಯು ಎರಡು ಲೋಹದ ತುದಿಗಳನ್ನು ಕೂಡಿಸುತ್ತದೆ, ವಿದ್ಯುತ್ತು ಹರಿಯುತ್ತದೆ. ಎರಡು ಬಲ್ಬಿಗೆ 42 ವಾಟು, ಬ್ಯಾಟರಿ 12 ವೋಲ್ಟಿನದು. ಎಂದರೆ ಪ್ರತಿ ಒತ್ತಿಗೂ 3.5 ಆಂಪಿಯರು ಆ ಪುಟ್ಟ ತುದಿಗಳ ಮೂಲಕ ಹಾಯಬೇಕು. ವರ್ಷಗಳು ಕಳೆದಂತೆ ತುದಿಗಳು ಸುಟ್ಟು ಕಪ್ಪಾಗುತ್ತವೆ. ಆಗ ಜೋರಾಗಿ ತುಳಿದರೆ ಮಾತ್ರ ದೀಪ ಬರುತ್ತದೆ, ಕೊನೆಗೆ ಅದೂ ಇಲ್ಲ.

ಪರೀಕ್ಷೆ ಸುಲಭ. ಕೀಲಿಯನ್ನು ತಿರುಗಿಸಿಡಿ, ಅನೇಕ ಗಾಡಿಗಳಲ್ಲಿ ಆಗಲೇ ಈ ದೀಪಕ್ಕೆ ವಿದ್ಯುತ್ತು ಬರುವುದು. ಸ್ವಿಚ್ಚಿನ ಎರಡು ತಂತಿಗಳನ್ನು ಕಳಚಿ, ಅವನ್ನು ಒಂದಕ್ಕೊಂದು ತಾಕಿಸಿ. ಬೇರೆ ಲೋಹಕ್ಕೆ ತಗಲಿದರೆ ಫ್ಯೂಸು ಹೋಗುತ್ತದೆ, ಎಚ್ಚರ. ದೀಪ ಹೊತ್ತಿದರೆ ತಪ್ಪು ಸ್ವಿಚ್ಚಿನದೇ. ಹೊತ್ತದಿದ್ದರೆ ದೋಷ ತಂತಿಯಲ್ಲೋ ಬಲ್ಬಿನಲ್ಲೋ ಇದೆ. ಹೊಸ ಸ್ವಿಚ್ಚು ಕೊಂಡರೆ ಹಣ ದಂಡ.

ಬದಲಿಸುವಾಗ ಆಯಿಲು ಸೋರುತ್ತದೆ. ಆದಕಾರಣ ಹೊಸದನ್ನು ಕೈಯಲ್ಲಿ ಹಿಡಿದುಕೊಂಡೇ ಹಳೆಯದನ್ನು ಬಿಚ್ಚಬೇಕು; ಆಗ ಪೆಡಲನ್ನು ಯಾರೂ ಮುಟ್ಟಬಾರದು. ಬಣ್ಣದ ಮೇಲೆ ಬಿದ್ದ ಆಯಿಲನ್ನು ಕೂಡಲೇ ನೀರು ಹೊಯ್ದು ತೊಳೆಯಬೇಕು, ಅದು ಬಣ್ಣವನ್ನು ತಿನ್ನುತ್ತದೆ. ಕೊಳವೆಯೊಳಗೆ ಗಾಳಿ ಸೇರಿದರೆ ಪೆಡಲು ಮೆತ್ತಗಾಗಿ ಬ್ರೇಕೇ ಹಿಡಿಯದು. ಗಾಳಿ ತೆಗೆಯುವ ಕೆಲಸ ಬಲ್ಲವರಿಂದಲೇ ಆಗಬೇಕು. ದೀಪ ಸರಿಮಾಡಲು ಹೋಗಿ ಬ್ರೇಕು ಕಳೆದುಕೊಳ್ಳುವುದು ಜಾಣತನವಲ್ಲ.

ಮಾರುತಿ 800ರಂಥ ಗಾಡಿಗಳಲ್ಲಿ ಈ ತೊಡಕಿಲ್ಲ. ಅಲ್ಲಿ ಸ್ವಿಚ್ಚು ಪೆಡಲಿನ ಮೇಲ್ಭಾಗದಲ್ಲಿದ್ದು, ಬಿಡುವಿನಲ್ಲಿರುವ ಪೆಡಲು ಅದರ ಗುಬುಟನ್ನು ಒಳಗೆ ಅದುಮಿಟ್ಟಿರುತ್ತದೆ; ತುಳಿದಾಗ ಗುಬುಟು ಹೊರಬಂದು ದೀಪ ಹೊತ್ತುತ್ತದೆ. ನಟ್ಟು ಸಡಿಲಿಸಿ ತುಸು ಹಿಂದೆ ಮುಂದೆ ಮಾಡಿದರೆ ಎಷ್ಟೋ ಬಾರಿ ಸರಿಹೋಗುತ್ತದೆ. ಇದು ಕೆಟ್ಟು ದೀಪ ಸದಾ ಉರಿಯುವುದೂ ಉಂಟು. ಸದಾ ಉರಿಯುವ ದೀಪವನ್ನು ಕಂಡು ಗಾಡಿ ನಿಲ್ಲುತ್ತಿದೆಯೋ ಓಡುತ್ತಿದೆಯೋ ಹಿಂದಿನವನು ಹೇಗೆ ತಿಳಿಯಬೇಕು?

ಜೊತೆಗೆ ಯಾರೂ ಇಲ್ಲದಾಗ ಪರೀಕ್ಷಿಸಲು, ರಾತ್ರಿ ಗಾಡಿಯ ಹಿಂಭಾಗವನ್ನು ಬಿಳಿಗೋಡೆಯ ಹತ್ತಿರ ನಿಲ್ಲಿಸಿ ಬ್ರೇಕು ಒತ್ತಿ, ಕನ್ನಡಿಯಲ್ಲಿ ನೋಡಿದರೆ ಸಾಕು. ಗೋಡೆಯ ಕೆಂಪು ಒಮ್ಮೆಲೇ ಗಾಢವಾಗಬೇಕು. ಆಯಿಲಿನ ಸ್ವಿಚ್ಚನ್ನು ಬದಲಿಸಿದ್ದರೆ, ಮರುದಿನ ಬೆಳಗ್ಗೆ ಅದರ ಬುಡವನ್ನು ಬೆರಳಿನಿಂದ ಮುಟ್ಟಿ, ಒದ್ದೆಯಿಲ್ಲವೆಂದು ಖಚಿತಮಾಡಿಕೊಂಡೇ ಗಾಡಿಯನ್ನು ಹೊರಡಿಸಬೇಕು.