ಧಾರವಾಡದ ಅರ್ಜಿ, 1856

ಜಾತಿಯ ಕಾರಣಕ್ಕೆ ಮಗುವಿಗೆ ಶಾಲೆ ತಪ್ಪಿಸುವುದು ಅಸ್ಪೃಶ್ಯತೆಯ ಒಂದು ರೂಪ. ಸಂವಿಧಾನದ 17ನೇ ವಿಧಿ ಅದನ್ನು ನಿಷೇಧಿಸಿದೆ. ವ್ಯಾಖ್ಯೆ ಇಷ್ಟು ಸಾಕು. ಜನ ಎಡವುವುದು ಬೇರೆ ಕಡೆ. ‘ದಲಿತ ಮಕ್ಕಳು ಸಾಲಿಗೆ ಬರಬಾರದು ಅಂತ ಆಗ ಕಾಯ್ದೆ ಇತ್ತೇನ್ರಿ?’ ಎಂದು ಹಾನಗಲ್ಲಿನಲ್ಲೂ ಕೇಳುತ್ತಾರೆ, ಹಿರೇಕೆರೂರಿನಲ್ಲೂ ಕೇಳುತ್ತಾರೆ. ಬ್ರಿಟಿಷರ ಕಾಲದ ಸರ್ಕಾರಿ ಶಾಲೆಗಳಿಗೆ ಅಂಥ ಕಾಯ್ದೆ ಇರಲಿಲ್ಲ. ಕಾಯ್ದೆಯಿಲ್ಲದೆಯೂ ಬಾಗಿಲು ಮುಚ್ಚಿದ್ದು ಹೇಗೆ?

ಈ ಊರುಗಳು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು; ಪಕ್ಕದ ಸವಣೂರು ಮಾತ್ರ ನವಾಬರ ಸಂಸ್ಥಾನ. 1856ರ ಜೂನ್‌ನಲ್ಲಿ ಮಹಾರ ಸಮುದಾಯದ ಒಬ್ಬ ಹುಡುಗ, ಧಾರವಾಡದ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಸರ್ಕಾರದ ಜುಲೈ 21ರ ಠರಾವು ಓದಬೇಕು! ನ್ಯಾಯ ಹುಡುಗನ ಕಡೆಗಿದೆ ಎಂದು ಅದು ಒಪ್ಪುತ್ತದೆ. ಆದರೆ ಒಬ್ಬಿಬ್ಬರ ಸಲುವಾಗಿ ತಲೆತಲಾಂತರದ ನಂಬಿಕೆಗೆ ಕೈಹಾಕಿದರೆ ವಿದ್ಯೆಯ ಕೆಲಸವೇ ಕೆಡುತ್ತದಂತೆ. ಈ ತೊಡಕು ಸರ್ಕಾರ ಹುಟ್ಟುಹಾಕಿದ್ದೂ ಅಲ್ಲವಂತೆ. ಸರ್ಕಾರ ‘ಬೇಡ’ ಎನ್ನಲಿಲ್ಲ, ಒಳಗೂ ಬಿಡಲಿಲ್ಲ. ಇವನು ಬಂದರೆ ಉಳಿದವರು ಎದ್ದುಹೋದಾರು ಎಂಬ ಭಯವೊಂದೇ ಸಾಕಾಯಿತು. ಎದ್ದುಹೋಗುವೆನೆಂದು ಹೆದರಿಸುವವನಿಗೆ ಏನೂ ನಷ್ಟವಿಲ್ಲ. ಕಾಯಬೇಕಾದವನು ಹೊರಗೆ ನಿಂತವನು. ಎಷ್ಟು ವರ್ಷ? ಠರಾವಿನಲ್ಲಿ ಗಡುವಿಲ್ಲ.

1858ರಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿ ನಿರ್ದೇಶಕರು ಇದಕ್ಕೆ ಉತ್ತರ ಕೊಟ್ಟರು: ಸರ್ಕಾರಿ ಶಾಲೆ ಎಲ್ಲರದು, ಒಪ್ಪದವರು ತಮ್ಮ ದುಡ್ಡಿನಲ್ಲಿ ಬೇರೆ ಶಾಲೆ ಕಟ್ಟಿಕೊಳ್ಳಲಿ. ಇಡೀ ಕಡತದಲ್ಲಿ ನನಗೆ ಇಷ್ಟವಾದ ಮಾತು ಇದೊಂದೇ. 1882ರ ಹಂಟರ್ ಶಿಕ್ಷಣ ಆಯೋಗ ಈ ತತ್ವಕ್ಕೆ ತಲೆಯಾಡಿಸಿ, ಜಾರಿ ಮಾಡುವಾಗ ಎಚ್ಚರವಿರಲಿ ಎಂದಿತು, ದಲಿತ ಮಕ್ಕಳ ಪ್ರತ್ಯೇಕ ಶಾಲೆಗಳಿಗೂ ದಾರಿ ಬಿಟ್ಟಿತು.  ಅಸ್ಪೃಶ್ಯ ಮಕ್ಕಳನ್ನು ಸೇರಿಸದ ಅನುದಾನಿತ ಶಾಲೆಗೆ ಅನುದಾನವಿಲ್ಲ ಎಂದು ಮುಂಬಯಿ ಸರ್ಕಾರ ಠರಾವು ಮಾಡಿದ್ದು 1923ರಲ್ಲಿ. ತತ್ವಕ್ಕೆ ದುಡ್ಡಿನ ಬಲ ಬರಲು 65 ವರ್ಷ ಹಿಡಿಯಿತು.

ಕರಿಯ ಮಕ್ಕಳು ಸೈನಿಕರ ಕಾವಲಿನಲ್ಲಿ ಶಾಲೆ ಹೊಕ್ಕ ಅಮೆರಿಕದ ಲಿಟಲ್ ರಾಕ್ (1957) ನಮ್ಮ ಓದುಗರಿಗೆ ಗೊತ್ತು. ಅದಕ್ಕೂ ನೂರು ವರ್ಷ ಹಿಂದಿನ ಧಾರವಾಡ ಗೊತ್ತಿಲ್ಲ. ಅಂಬೇಡ್ಕರ್ ಅವರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಈ ಪ್ರಕರಣವನ್ನು ಎತ್ತಿದ್ದಾರೆ. ಅಲ್ಲಿಂದ ಓದು ಶುರು ಮಾಡಿ.

ಆಮೇಲೆ ನಿಮ್ಮೂರ ಶಾಲೆಗೆ ಹೋಗಿ. ನೂರು ವರ್ಷ ದಾಟಿದ ಕನ್ನಡ ಗಂಡುಮಕ್ಕಳ ಶಾಲೆಯಲ್ಲಿ ಹಳೆಯ ದಾಖಲಾತಿ ಪುಸ್ತಕ ಉಳಿದಿದ್ದರೆ, ಮುಖ್ಯಗುರುಗಳ ಅನುಮತಿ ಕೇಳಿ ಜಾತಿಯ ಅಂಕಣವನ್ನೂ ಶಾಲೆ ಬಿಟ್ಟ ತಾರೀಖನ್ನೂ ಜೋಡಿಸಿ ಓದಿ. ಯಾರು ಸೇರಿದರು, ಯಾರು ಎರಡನೇ ಇಯತ್ತೆಗೇ ಬಿಟ್ಟರು, ಕಾರಣ ಏನೆಂದು ಬರೆದಿದೆ? ಹಳೆಯ ಸರ್ಕಾರಿ ಕಾಗದಗಳಲ್ಲಿ ಶಿಗ್ಗಾಂವಿಯವರು ಆಗಿನ ಬಂಕಾಪುರ ತಾಲ್ಲೂಕಿನಡಿ, ಹಿರೇಕೆರೂರಿನವರು ಆಗಿನ ಕೋಡ ತಾಲ್ಲೂಕಿನಡಿ ಹುಡುಕಿ. ಸವಣೂರಿನವರಿಗೆ 1948ಕ್ಕಿಂತ ಹಿಂದಿನದಕ್ಕೆ ಸಂಸ್ಥಾನದ ದಫ್ತರವೇ ಗತಿ.