ದನಿಗೂಡದ ತರಗತಿ

ಹಳಗನ್ನಡ ಪಾಠ ಶುರುವಾದಾಗ ನಾನು ಅರ್ಥಕ್ಕೆ ಕೈಹಾಕುವುದಿಲ್ಲ. ಎಂ.ಎ. ವಿದ್ಯಾರ್ಥಿಗಳಿಂದ ಪಂಪನ ಕಂದಪದ್ಯಗಳನ್ನು ಒಟ್ಟಾಗಿ, ಗಟ್ಟಿಯಾಗಿ ಓದಿಸುತ್ತೇನೆ. ಒಂದು, ಮೂರನೆಯ ಸಾಲಿಗೆ 12 ಮಾತ್ರೆ. ಎರಡು, ನಾಲ್ಕನೆಯದಕ್ಕೆ 20. ಬೋರ್ಡಿನ ಮೇಲೆ ಪ್ರಸ್ತಾರ ಹಾಕಿದರೂ ತಲೆಗೆ ಹತ್ತದ ಈ ಲೆಕ್ಕ, ಹತ್ತು ಜನರ ಜೊತೆ ದನಿಗೂಡಿಸಿದರೆ ನಾಲಗೆಗೆ ಬಂದುಬಿಡುತ್ತದೆ. ಪದ ಎಲ್ಲಿ ಒಡೆಯಬೇಕೆಂದು ತಿಳಿಯದ ಹುಡುಗಿ ಪಕ್ಕದವಳ ಉಸಿರು ನೋಡಿಕೊಂಡು ಓದುತ್ತಾಳೆ.

2020ರ ಲಾಕ್‌ಡೌನ್‌ನಲ್ಲಿ ಈ ಪಾಠ ಗೂಗಲ್ ಮೀಟ್‌ಗೆ ಹೋಯಿತು. ಎಲ್ಲರೂ ಮೈಕ್ ಆನ್ ಮಾಡಿ ಎಂದೆ. ಒಬ್ಬೊಬ್ಬರ ದನಿ ಒಂದೊಂದು ಗಳಿಗೆಗೆ ಬಂದು ತಲುಪಿತು. ಒಬ್ಬಳು ಸಾಲು ಮುಗಿಸಿದ್ದರೆ ಇನ್ನೊಬ್ಬ ಒಂದು ಗಣ ಹಿಂದೆ. ಮಾತಾಡುವವರ ದನಿ ಸ್ಪಷ್ಟವಾಗಿ ಕೇಳಲೆಂದು ಇಂಥ ತಂತ್ರಾಂಶಗಳು ಉಳಿದ ಸದ್ದನ್ನು ತಗ್ಗಿಸುತ್ತವೆ. ಆಫೀಸಿನ ಮೀಟಿಂಗಿಗೆ ಅದು ಅನುಕೂಲ, ಮೇಳದ ಓದಿಗೆ ಅಲ್ಲ. ಕೊನೆಗೆ ಎಲ್ಲರ ಮೈಕ್ ಆಫ್ ಮಾಡಿಸಿ ನಾನೊಬ್ಬಳೇ ಓದಿದೆ. ನನ್ನದೇ ವಿಷಯ, ನನ್ನದೇ ವಿದ್ಯಾರ್ಥಿಗಳು. ಆದರೂ ಯಾರದೋ ಮನೆಯಲ್ಲಿ ನಿಂತು ಓದಿದ ಹಾಗಿತ್ತು.

ಮಾತುಕತೆಯಲ್ಲಿ ಒಬ್ಬರು ಮುಗಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಮಾತ್ರ. ಹತ್ತು ಭಾಷೆಗಳನ್ನು ಹೋಲಿಸಿದ 2009ರ ಅಧ್ಯಯನವೊಂದು ಇದನ್ನು ತೋರಿಸಿತು. ನೆಟ್‌ವರ್ಕ್ ಅಷ್ಟು ತಡಮಾಡಿದರೂ ಸಾಕು, ಇಬ್ಬರೂ ಒಟ್ಟಿಗೆ ಮಾತಾಡಿ, ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. ಮೊದಲೇ ಸಂಕೋಚದ ಹುಡುಗ ಮತ್ತೆ ಬಾಯಿ ಬಿಡುವುದಿಲ್ಲ. ಕೊಠಡಿಯಲ್ಲಿ ಅವನಿಗೆ ತಿಳಿಯದಿದ್ದರೆ ಪೆನ್ನು ನಿಲ್ಲುತ್ತದೆ, ಹುಬ್ಬು ಗಂಟಿಕ್ಕುತ್ತದೆ. ಅವನು ಕೇಳದಿದ್ದರೂ ನಾನು ಮತ್ತೊಮ್ಮೆ ಹೇಳುತ್ತೇನೆ. ಡೇಟಾ ಉಳಿಸಲು ಕ್ಯಾಮೆರಾ ಆಫ್ ಮಾಡಿದವನ ಹೆಸರಿನ ಮೊದಲಕ್ಷರವಷ್ಟೇ ನನಗೆ ಕಾಣುತ್ತಿತ್ತು.

ದೂರಶಿಕ್ಷಣದ ಬಗ್ಗೆ ನನಗೆ ತಕರಾರಿಲ್ಲ. ಮೈಸೂರಿನಲ್ಲಿ 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಒಂಟಿಯಾಗಿ ಕೂತು ಓದುವವರನ್ನು ಎದುರಿಗಿಟ್ಟುಕೊಂಡೇ ಪಠ್ಯ ಬರೆಸುತ್ತದೆ. ನಾವು ಮಾಡಿದ್ದು ಅದಲ್ಲ. ಕೊಠಡಿಗೆಂದೇ ಹುಟ್ಟಿದ ಪಾಠವನ್ನು ಹಾಗೇ ಎತ್ತಿ ಮೊಬೈಲಿಗೆ ಹಾಕಿದೆವು.

ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ‘ಸ್ವಯಂ’ ಜಾಲತಾಣದ ಮೂಲಕ ಕಲಿಯಲು ಯುಜಿಸಿ 2021ರಲ್ಲಿ ಅವಕಾಶ ಕೊಟ್ಟಿದೆ. ನನ್ನನ್ನು ಕೇಳಿದರೆ ಸಾಹಿತ್ಯ ಚರಿತ್ರೆ ಅಲ್ಲಿಗೆ ಹೋಗಲಿ. ಬಸ್ಸಿನಲ್ಲಿ ಕೂತೂ ಕೇಳಬಹುದು, ಬೇಕಾದಲ್ಲಿ ನಿಲ್ಲಿಸಬಹುದು. ಸಂಶೋಧನಾ ವಿಧಾನವೂ ಹೋಗಲಿ. ಛಂದಸ್ಸು, ಹಳಗನ್ನಡ ಕಾವ್ಯ, ಸೆಮಿನಾರು ಮಾತ್ರ ಕೊಠಡಿಯಲ್ಲೇ ಇರಲಿ.